ಪಟ್ಟ ಬದಲಾದಾಗ

1761ನೆಯ ಇಸವಿಯ ಚಳಿಗಾಲ. ಪ್ರಷ್ಯ ದೇಶದ ದೊರೆ ಎರಡನೆಯ ಫ್ರೆಡರಿಕನು ಬ್ರೆಸ್ಲಾ ನಗರದಲ್ಲಿ ಬೀಡುಬಿಟ್ಟಿದ್ದನು. ಆ ನಗರವು ಇಂದು ಪೋಲೆಂಡಿಗೆ ಸೇರಿದೆ. ಅವನಿಗೆ ಐವತ್ತು ವರ್ಷ ತುಂಬುವುದರಲ್ಲಿತ್ತು. ನೋಡಿದವರು ಎಪ್ಪತ್ತೆಂದು ಭ್ರಮಿಸುವಂತೆ ಮುಖ ಸುಕ್ಕುಗಟ್ಟಿತ್ತು. 1756ರ ಆಗಸ್ಟ್ ತಿಂಗಳಲ್ಲಿ ಅವನೇ ಆರಂಭಿಸಿದ ಯುದ್ಧವು ಆರನೆಯ ವರ್ಷಕ್ಕೆ ಕಾಲಿಟ್ಟಿತ್ತು. ಅಕ್ಟೋಬರ್ ಮೊದಲ ದಿನ ಷ್ವೈಡ್ನಿಟ್ಸ್ ಕೋಟೆ ಆಸ್ಟ್ರಿಯದವರ ವಶವಾಯಿತು. ಡಿಸೆಂಬರ್ ತಿಂಗಳ ನಡುವೆ ಬಾಲ್ಟಿಕ್ ಸಮುದ್ರ ತೀರದ ಕೋಲ್ಬರ್ಗ್ ಬಂದರು ರಷ್ಯನ್ನರ ಕೈಸೇರಿತು. ಹೀಗಾಗಿ ಮುಂದಿನ ವಸಂತದಲ್ಲಿ ರಷ್ಯದ ಸೈನ್ಯಕ್ಕೆ ಬೇಕಾದ ದವಸ, ಮದ್ದುಗುಂಡುಗಳು ಹಡಗಿನಲ್ಲಿಯೇ ಬಂದಿಳಿಯುವ ಅನುಕೂಲ ಒದಗಿತು. ಪ್ರಷ್ಯದ ಜನಸಂಖ್ಯೆ ಆಗ ಐವತ್ತು ಲಕ್ಷವನ್ನೂ ಮುಟ್ಟಿರಲಿಲ್ಲ. ಅಷ್ಟು ಸಣ್ಣ ನಾಡಿನಿಂದ ಮತ್ತೆ ಮತ್ತೆ ಸೈನಿಕರನ್ನು ಹೆಕ್ಕಿ ತೆಗೆದು, ನಾಣ್ಯದಲ್ಲಿ ಬೆಳ್ಳಿಯನ್ನು ಕಡಿಮೆ ಮಾಡಿ ಸಂಬಳ ಕೊಟ್ಟು, ದೊರೆ ಹೇಗೋ ಕಾಲ ತಳ್ಳುತ್ತಿದ್ದನು.

1762ರ ಜನವರಿ 6ರಂದು ಅವನು ತನ್ನ ಮಂತ್ರಿಗೆ ಒಂದು ಕಾಗದ ಬರೆದನು. ಶತ್ರುಗಳ ದುರಾಶೆಯಿಂದ ರಾಜ್ಯದ ಚೂರುಪಾರನ್ನಾದರೂ ಸಂಧಾನದ ಮೂಲಕ ಉಳಿಸಿ, ಅದನ್ನು ತನ್ನ ಅಣ್ಣತಮ್ಮಂದಿರ ಸಂತಾನಕ್ಕೆ ಕಾಪಾಡಿಕೊಡಬೇಕೆಂಬುದು ಅದರ ತಾತ್ಪರ್ಯ. ಸೋಲನ್ನು ಒಪ್ಪಿಕೊಂಡವನ ಕಾಗದ ಅದು. ಅದನ್ನು ಬರೆಯುವ ಹಿಂದಿನ ದಿನವೇ, ನೂರಾರು ಹರದಾರಿ ದೂರದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ರಷ್ಯದ ಸಾಮ್ರಾಜ್ಞಿ ಎಲಿಜಬೆತ್ ಕಣ್ಣುಮುಚ್ಚಿದ್ದಳು. ಸುದ್ದಿ ಬ್ರೆಸ್ಲಾ ತಲಪಲು ಸುಮಾರು ಎರಡು ವಾರ ಹಿಡಿಯಿತು. ಕುದುರೆಯೇ ಅತಿ ವೇಗದ ವಾಹನವಾಗಿದ್ದ ಕಾಲದಲ್ಲಿ ಒಬ್ಬ ಮನುಷ್ಯ ತಾನು ಬದುಕಿಕೊಂಡೆನೆಂಬುದನ್ನು ಎರಡು ವಾರ ತಿಳಿಯದೆಯೇ ಇರಬಹುದಾಗಿತ್ತು.

ಒಬ್ಬ ರಾಣಿಯ ಮರಣದಿಂದ ಒಂದು ಯುದ್ಧದ ಗತಿ ಬದಲಾದುದು ಹೇಗೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆಸ್ಟ್ರಿಯಕ್ಕೂ ರಷ್ಯಕ್ಕೂ ನಡುವೆ ಇದ್ದ ಮೈತ್ರಿ ನಿನ್ನೆ ಮೊನ್ನೆಯದಾಗಿರಲಿಲ್ಲ. 1726ರಲ್ಲಿಯೇ ಎರಡು ಸಾಮ್ರಾಜ್ಯಗಳೂ ಪರಸ್ಪರ ನೆರವಿನ ಒಪ್ಪಂದ ಮಾಡಿಕೊಂಡಿದ್ದವು. ತುರ್ಕರ ಸಾಮ್ರಾಜ್ಯ ಎರಡಕ್ಕೂ ನೆರೆಯ ಶತ್ರು; ಪೋಲೆಂಡಿನ ವ್ಯವಹಾರಗಳಲ್ಲಿ ಎರಡಕ್ಕೂ ಆಸಕ್ತಿ. 1740ರಲ್ಲಿ ಆಸ್ಟ್ರಿಯದ ಚಕ್ರವರ್ತಿ ತೀರಿಕೊಂಡು, ಇಪ್ಪತ್ತಮೂರು ವರ್ಷದ ಮಗಳು ಮರಿಯಾ ತೆರೇಸಾ ಪಟ್ಟಕ್ಕೆ ಬಂದಳು. ಹೆಣ್ಣುಮಗಳೆಂದು ಬಗೆದು, ಅದೇ ವರ್ಷದ ಡಿಸೆಂಬರಿನಲ್ಲಿ ಫ್ರೆಡರಿಕನು ಅವಳ ಸಂಪದ್ಭರಿತ ಸೈಲೀಷಿಯ ಪ್ರಾಂತವನ್ನು ಹೇಳದೆ ಕೇಳದೆ ಆಕ್ರಮಿಸಿದನು. ಆ ಗಾಯ ಮರಿಯಾ ತೆರೇಸಾಳ ಬದುಕಿನುದ್ದಕ್ಕೂ ಮಾಯಲಿಲ್ಲ. 1746ರಲ್ಲಿ ರಷ್ಯದೊಡನೆ ಹಳೆಯ ಮೈತ್ರಿಯನ್ನು ಅವಳು ಹೊಸದಾಗಿ ಬಿಗಿದುಕೊಂಡಳು. 1756ರಲ್ಲಿ, ಎರಡು ಶತಮಾನಗಳಿಗೂ ಹೆಚ್ಚು ಕಾಲ ವೈರಿಯಾಗಿದ್ದ ಫ್ರಾನ್ಸನ್ನೂ ತನ್ನ ಪಕ್ಷಕ್ಕೆ ಸೆಳೆದುಕೊಂಡಳು. ಯೂರೋಪಿನ ಮೂರು ಮಹಾಶಕ್ತಿಗಳು ಪ್ರಷ್ಯವನ್ನು ಸುತ್ತುವರಿದವು; ಸ್ವೀಡನ್ನೂ ಅವರೊಡನೆ ಕೂಡಿತು. ಪ್ರಷ್ಯದ ಪಕ್ಷದಲ್ಲಿ ನಿಂತ ದೊಡ್ಡ ರಾಜ್ಯವೆಂದರೆ ಇಂಗ್ಲೆಂಡ್ ಒಂದೇ.

ಈ ಕೂಟದಲ್ಲಿ ಫ್ರೆಡರಿಕನಿಗೆ ಅತ್ಯಂತ ಭೀಕರವಾದ ಪೆಟ್ಟು ಕೊಟ್ಟವರು ರಷ್ಯನ್ನರು. ಮಹಾ ಪೀಟರನ ಮಗಳಾದ ಎಲಿಜಬೆತ್ 1741ರಿಂದ ಆಳುತ್ತಿದ್ದಳು. ಉಡುಪು, ನೃತ್ಯ, ವಿನೋದಗಳಲ್ಲಿ ಮೈಮರೆಯುವವಳೆಂದು ಅವಳಿಗೆ ಹೆಸರು. ಆದರೆ ಪ್ರಷ್ಯ ಬೆಳೆದರೆ ರಷ್ಯಕ್ಕೆ ಅಪಾಯವೆಂಬ ಒಂದು ವಿಷಯದಲ್ಲಿ ಅವಳ ಮನಸ್ಸು ಕೊನೆಯವರೆಗೂ ಅಲುಗಲಿಲ್ಲ. 1758ರ ಜನವರಿಯಲ್ಲಿ ಅವಳ ಸೈನ್ಯ ಪೂರ್ವ ಪ್ರಷ್ಯವನ್ನು ಹಿಡಿಯಿತು. ಅದರ ರಾಜಧಾನಿಯಾದ ಕೋನಿಗ್ಸ್‌ಬರ್ಗಿನ ಪ್ರಜೆಗಳು ರಷ್ಯದ ಸಾಮ್ರಾಜ್ಞಿಗೆ ನಿಷ್ಠೆಯ ಪ್ರಮಾಣ ಮಾಡಿದರು. ಮುಂದೆ ಜಗತ್ಪ್ರಸಿದ್ಧನಾದ ತತ್ವಜ್ಞಾನಿ ಕಾಂಟ್ ಆಗ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಕಿರಿಯ ಉಪನ್ಯಾಸಕ. ಪ್ರಾಧ್ಯಾಪಕ ಪದವಿಯೊಂದು ತೆರವಾದಾಗ ಅವನು ಅರ್ಜಿ ಬರೆದುದು ತನ್ನ ದೊರೆ ಫ್ರೆಡರಿಕನಿಗಲ್ಲ, ಎಲಿಜಬೆತ್ ರಾಣಿಗೆ! ಪದವಿ ಅವನಿಗೆ ದೊರೆಯಲಿಲ್ಲವೆಂಬುದು ಬೇರೆಯ ಮಾತು.

1759ರ ಆಗಸ್ಟ್ 12ರಂದು ಕೂನರ್ಸ್‌ಡಾರ್ಫ್ ಎಂಬಲ್ಲಿ ರಷ್ಯ, ಆಸ್ಟ್ರಿಯಗಳ ಕೂಡು ಸೈನ್ಯವು ಫ್ರೆಡರಿಕನನ್ನು ಎದುರಿಸಿತು. ಅವನ ಸುಮಾರು 50,000 ಮಂದಿಯಲ್ಲಿ 19,000ದಷ್ಟು ಜನ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು. ಉಳಿದವರು ಚದುರಿಹೋಗಿ, ಅಂದು ರಾತ್ರಿ ಅವನ ಆಜ್ಞೆಗೆ ದೊರೆತವರು ಮೂರು ಸಾವಿರ ಮಾತ್ರ. ಗೆದ್ದವರು ಅಲ್ಲಿಂದ ನೇರವಾಗಿ ಬರ್ಲಿನ್ ಕಡೆಗೆ ನಡೆದಿದ್ದರೆ ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು. ಅವರು ನಡೆಯಲಿಲ್ಲ. ಮುಂದೆ ಹೋಗಬೇಕಾದವರು ನೀವು ಎಂದು ರಷ್ಯದ ದಂಡನಾಯಕನೂ, ಇಲ್ಲ ನೀವು ಎಂದು ಆಸ್ಟ್ರಿಯದವನೂ ಕಾದು ಕುಳಿತರು. ಇದನ್ನು ಕಂಡು ಫ್ರೆಡರಿಕನು ತನ್ನ ವಂಶಕ್ಕೆ ಒದಗಿದ ಪವಾಡವೆಂದು ತಮ್ಮನಿಗೆ ಬರೆದನು. ಆ ಮಾತನ್ನು ಎಲಿಜಬೆತ್ ರಾಣಿಯ ಮರಣಕ್ಕೆ ಅನ್ವಯಿಸುವುದು ಈಗ ರೂಢಿಯಾಗಿದೆ. ನಿಜವಾಗಿ ಅದು ಹುಟ್ಟಿದ್ದು 1759ರಲ್ಲಿ, ಮಿತ್ರರ ಪರಸ್ಪರ ಅಪನಂಬಿಕೆಯನ್ನು ಕುರಿತು. ಮರುವರ್ಷದ ಅಕ್ಟೋಬರಿನಲ್ಲಿ ರಷ್ಯದ ಕುದುರೆಪಡೆ ಬರ್ಲಿನ್ ನಗರವನ್ನೇ ಹೊಕ್ಕು, ಕೆಲವು ದಿನ ಇದ್ದು, ದಂಡ ವಸೂಲು ಮಾಡಿಕೊಂಡು ಹಿಂದಿರುಗಿತು.

ಇಷ್ಟು ಗಟ್ಟಿಯಾಗಿ ಕಾಣುತ್ತಿದ್ದ ಮೈತ್ರಿಗೆ ಒಳಗೊಂದು ಬಿರುಕು ಮೊದಲಿನಿಂದಲೂ ಇದ್ದಿತು. ಎಲಿಜಬೆತ್‌ಗೆ ಮಕ್ಕಳಿರಲಿಲ್ಲ. ತೀರಿಹೋದ ಅಕ್ಕನ ಮಗನನ್ನು ಜರ್ಮನಿಯ ಹೋಲ್ಸ್ಟೈನ್ ಸಂಸ್ಥಾನದಿಂದ ಬಾಲ್ಯದಲ್ಲಿಯೇ ಕರೆಸಿಕೊಂಡು, ಪೀಟರ್ ಎಂದು ಹೆಸರಿಟ್ಟು, ಯುವರಾಜನನ್ನಾಗಿ ಮಾಡಿದ್ದಳು. ಈ ಹುಡುಗ ಬೆಳೆದದ್ದು ರಷ್ಯದಲ್ಲಿ; ಮನಸ್ಸು ಮಾತ್ರ ಹೋಲ್ಸ್ಟೈನಿನಲ್ಲಿಯೇ ಉಳಿದಿತ್ತು. ಫ್ರೆಡರಿಕನೆಂದರೆ ಅವನಿಗೆ ದೇವರ ಸಮಾನ. ಚಿಕ್ಕಮ್ಮ ಪ್ರಷ್ಯದ ಮೇಲೆ ಯುದ್ಧ ಹೂಡಿದ್ದಾಗಲೇ ಅವನು ಪ್ರಷ್ಯದ ದೊರೆಯನ್ನು ಬಹಿರಂಗವಾಗಿ ಹೊಗಳುತ್ತಿದ್ದನು. ಇದು ಯೂರೋಪಿನ ರಾಯಭಾರಿಗಳಿಗೆಲ್ಲ ಗೊತ್ತಿದ್ದ ಸಂಗತಿ.

ಮುಂದೆ ಆಳುವವನ ಮನಸ್ಸು ತಿಳಿದಿದ್ದರೆ ಇಂದಿನ ಅಧಿಕಾರಿಯ ಕೈ ನಡುಗುತ್ತದೆ. 1757ರಲ್ಲಿ ಹೀಗೊಂದು ಪ್ರಸಂಗ ನಡೆಯಿತು. ರಷ್ಯದ ದಂಡನಾಯಕ ಅಪ್ರಾಕ್ಸಿನನು ಪೂರ್ವ ಪ್ರಷ್ಯದಲ್ಲಿ ದೊಡ್ಡ ಕಾಳಗವೊಂದನ್ನು ಗೆದ್ದನು. ಗೆದ್ದ ಕೆಲವೇ ದಿನಗಳಲ್ಲಿ ಸೈನ್ಯವನ್ನು ಹಿಂದಕ್ಕೆ ತೆಗೆದನು. ಅದೇ ಹೊತ್ತಿಗೆ ರಾಣಿ ಜನರೆದುರೇ ಮೂರ್ಛೆ ಹೋಗಿ ಬಿದ್ದಿದ್ದಳು. ರಾಣಿ ಬದುಕುವುದಿಲ್ಲ, ನಾಳೆ ಪೀಟರನೇ ದೊರೆ, ಆದ್ದರಿಂದ ದಂಡನಾಯಕನು ಜಾಗರೂಕನಾದನೆಂದು ಆಸ್ಥಾನ ಗುಸುಗುಟ್ಟಿತು. ಹಿಂಜರಿತಕ್ಕೆ ಆಹಾರದ ಅಭಾವವೂ ಒಂದು ಪ್ರಬಲ ಕಾರಣವಾಗಿತ್ತು. ನಿರ್ಧಾರವೂ ರಾಣಿಯ ಮೂರ್ಛೆಗೆ ಮೊದಲೇ ಆಗಿತ್ತು. ಆದರೂ ಚೇತರಿಸಿಕೊಂಡ ರಾಣಿ ಅವನನ್ನು ಬಂಧಿಸಿದಳು. ಆಸ್ಟ್ರಿಯದವರಿಗೆ ಈ ಘಟನೆಯೊಂದೇ ಸಾಕಾಗಬೇಕಿತ್ತು. ತಾವು ಕಟ್ಟಿದ ಮಹಾಮೈತ್ರಿ ಒಬ್ಬ ರೋಗಿಯ ನಾಡಿಯ ಮೇಲೆ ನಿಂತಿದೆಯೆಂದು ಅವರು ಕಂಡುಕೊಳ್ಳಬಹುದಾಗಿತ್ತು. ಕಾಣಲಿಲ್ಲ, ಕಂಡರೂ ಅದಕ್ಕೆ ಮದ್ದಿರಲಿಲ್ಲ. 1761ರ ಕೊನೆಯಲ್ಲಿ, ಗೆಲುವು ಇನ್ನು ತಮ್ಮದೇ ಎಂಬ ಭರವಸೆಯಿಂದಲೂ, ಬೊಕ್ಕಸ ಬರಿದಾದ ಕಾರಣದಿಂದಲೂ, ಆಸ್ಟ್ರಿಯ ತನ್ನ ಸೈನ್ಯವನ್ನು ಸ್ವಲ್ಪ ಕಡಿಮೆ ಮಾಡಿಕೊಂಡಿತು!

1762ರ ಜನವರಿ 5ರಂದು ರಾಣಿ ತೀರಿಕೊಂಡಳು. ರಷ್ಯದ ಹಳೆಯ ಪಂಚಾಂಗದ ಪ್ರಕಾರ ಅಂದು ಕ್ರಿಸ್‌ಮಸ್ ಹಬ್ಬ. ಮೂರನೆಯ ಪೀಟರನು ಪಟ್ಟವೇರಿದ ಕೂಡಲೇ ತನ್ನ ದಂಡನಾಯಕರಿಗೆ ಯುದ್ಧವನ್ನು ನಿಲ್ಲಿಸಲು ಆಜ್ಞೆ ಕಳುಹಿಸಿದನು. ಮೇ 5ರಂದು ಪ್ರಷ್ಯದೊಡನೆ ಶಾಂತಿಯ ಒಪ್ಪಂದವಾಯಿತು. ರಷ್ಯದ ಸಹಸ್ರಾರು ಯೋಧರ ರಕ್ತದಿಂದ ಗಳಿಸಿದ ಪೂರ್ವ ಪ್ರಷ್ಯವನ್ನು, ಕೋಲ್ಬರ್ಗನ್ನು, ಒಂದು ಕಾಸಿನ ಪರಿಹಾರವನ್ನೂ ಕೇಳದೆ ಅವನು ಹಿಂದಿರುಗಿಸಿದನು. ಅದೇ ತಿಂಗಳು ಸ್ವೀಡನ್ನೂ ಯುದ್ಧದಿಂದ ಹಿಂದೆ ಸರಿಯಿತು. ಜೂನ್ ತಿಂಗಳಲ್ಲಿ ಪೀಟರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಫ್ರೆಡರಿಕನೊಡನೆ ಸೈನಿಕ ಮೈತ್ರಿಯನ್ನೇ ಮಾಡಿಕೊಂಡನು. ಆಸ್ಟ್ರಿಯದವರ ಪಕ್ಕದಲ್ಲಿ ಸೈಲೀಷಿಯದಲ್ಲಿ ಹೋರಾಡುತ್ತಿದ್ದ ಚೆರ್ನಿಷೋವನ ಹದಿನೈದು ಇಪ್ಪತ್ತು ಸಾವಿರ ಮಂದಿಯ ಪಡೆಗೆ ಪಕ್ಷ ಬದಲಿಸುವಂತೆ ಅಪ್ಪಣೆಯಾಯಿತು. ಮಾರ್ಚ್ ತಿಂಗಳಲ್ಲಿ ಮಿತ್ರರ ಪಾಳೆಯವನ್ನು ಬಿಟ್ಟು ಹೊರಟ ಅದೇ ಸೈನಿಕರು ಬೇಸಗೆಯ ನಡುವೆ ಮರಳಿ ಬಂದು, ಹಿಂದಿನ ವರ್ಷದ ಮಿತ್ರರ ಕಡೆಗೆ ಬಂದೂಕು ತಿರುಗಿಸಿ ನಿಂತರು. ಅವರಿಗೆ ಇದೆಲ್ಲ ಹೇಗೆ ತೋರಿತೋ ಯಾರೂ ಕೇಳಿ ಬರೆದಿಡಲಿಲ್ಲ.

ಪೀಟರನನ್ನು ಶುದ್ಧ ಮೂರ್ಖನೆಂದು ಚಿತ್ರಿಸುವುದು ಬಹುಕಾಲದ ವಾಡಿಕೆ. ಅದು ಬಹುಮಟ್ಟಿಗೆ ಅವನನ್ನು ಕೆಳಗಿಳಿಸಿದವರು ಬರೆದ ಕಥೆ. ಗುಪ್ತ ವಿಚಾರಣೆಯ ಕ್ರೂರ ಇಲಾಖೆಯನ್ನು ರದ್ದುಮಾಡಿದವನೂ ಅವನೇ. ಯುದ್ಧದ ವೆಚ್ಚ ರಷ್ಯವನ್ನು ಹಣ್ಣು ಮಾಡಿತ್ತೆಂಬುದೂ ಸತ್ಯ. ಶಾಂತಿ ಬೇಕೆನ್ನುವುದರಲ್ಲಿ ತಪ್ಪಿರಲಿಲ್ಲ. ಗೆದ್ದ ನಾಡನ್ನು ಕೈಯಲ್ಲಿ ಹಿಡಿದುಕೊಂಡು ಶಾಂತಿ ಮಾಡಿಕೊಂಡಿದ್ದರೆ ಅವನನ್ನು ದೂರುವವರು ಕಡಿಮೆಯಾಗುತ್ತಿದ್ದರು. ಆದರೆ ಹೋಲ್ಸ್ಟೈನಿನ ಹಳೆಯ ಹಗೆಯನ್ನು ತೀರಿಸಲು ಡೆನ್ಮಾರ್ಕಿನ ಮೇಲೆ ರಷ್ಯದ ಸೈನ್ಯವನ್ನು ಕಳುಹಿಸಲು ಹೊರಟಾಗ, ದೇಶದ ಹಿತವೆಂದರೆ ತನ್ನ ಮನೆತನದ ಹಿತವೆಂದು ಈತ ತಿಳಿದಿದ್ದಾನೆಂಬುದು ಎಲ್ಲರಿಗೂ ಸ್ಪಷ್ಟವಾಯಿತು. ಅಂಗರಕ್ಷಕ ಪಡೆಗಳಿಗೆ ಪ್ರಷ್ಯದ ಮಾದರಿಯ ಸಮವಸ್ತ್ರ ತೊಡಿಸಿದ್ದು ಆ ಉರಿಗೆ ತುಪ್ಪ ಸುರಿದಂತಾಯಿತು.

ಜುಲೈ 9ರಂದು ಆ ಅಂಗರಕ್ಷಕ ಪಡೆಗಳೇ ದಂಗೆಯೆದ್ದು ಪೀಟರನ ಹೆಂಡತಿ ಕ್ಯಾಥರೀನಳನ್ನು ಸಾಮ್ರಾಜ್ಞಿಯೆಂದು ಸಾರಿದವು. ಪೀಟರನು ಆಳಿದ್ದು ಆರು ತಿಂಗಳು ಮಾತ್ರ. ಪದಚ್ಯುತನಾದ ಸುಮಾರು ಒಂದು ವಾರಕ್ಕೆ ಸೆರೆಯಲ್ಲಿ ಸತ್ತನು. ಹೊಸ ರಾಣಿಯ ಮೊದಲ ಘೋಷಣೆಯಲ್ಲಿಯೇ ಶತ್ರುವಿನೊಡನೆ ಮಾಡಿದ ಶಾಂತಿಯಿಂದ ರಷ್ಯದ ಕೀರ್ತಿಗೆ ಕಳಂಕ ಬಂದಿತೆಂಬ ಆಪಾದನೆ ಇದ್ದಿತು. ವಿಯೆನ್ನದಲ್ಲಿ ಹರ್ಷ, ಫ್ರೆಡರಿಕನ ಪಾಳೆಯದಲ್ಲಿ ದಿಗಿಲು. ಚೆರ್ನಿಷೋವನಿಗೆ ಮತ್ತೊಂದು ಅಪ್ಪಣೆ ಬಂದಿತು: ಪಡೆಯನ್ನು ಕರೆದುಕೊಂಡು ಕೂಡಲೇ ಸ್ವದೇಶಕ್ಕೆ ಹೊರಡು.

ಇಲ್ಲಿ ನಡೆದ ಒಂದು ಸಂಗತಿ ಯುದ್ಧಚರಿತ್ರೆಯಲ್ಲಿಯೇ ಅಪೂರ್ವವಾದುದು. ಬುರ್ಕರ್ಸ್‌ಡಾರ್ಫ್ ಎಂಬಲ್ಲಿ ಆಸ್ಟ್ರಿಯದ ಸೈನ್ಯ ಗುಡ್ಡಗಳ ಮೇಲೆ ಭದ್ರವಾಗಿ ನೆಲೆನಿಂತಿತ್ತು. ಫ್ರೆಡರಿಕನು ಚೆರ್ನಿಷೋವನನ್ನು ಕರೆದು, ಹೊರಡುವುದನ್ನು ಮೂರು ದಿನ ತಡೆಯಬೇಕೆಂದು ಬೇಡಿಕೊಂಡನು. ಕಾದುವುದು ಬೇಡ, ಸುಮ್ಮನೆ ನಿಂತಿದ್ದರೆ ಸಾಕು. ಚೆರ್ನಿಷೋವನು ಒಪ್ಪಿದನು. ರಷ್ಯದವರಿಗೆ ಬಂದ ಹೊಸ ಅಪ್ಪಣೆ ಎದುರಾಳಿಗೆ ತಿಳಿದಿರಲಿಲ್ಲ. ಅವರ ಎದುರಿಗೆ ಆಸ್ಟ್ರಿಯದವರು ತಮ್ಮ ಸೈನ್ಯದ ಒಂದು ಭಾಗವನ್ನು ಕಾವಲಿಟ್ಟರು. ಜುಲೈ 21ರಂದು ಫ್ರೆಡರಿಕನು ಇನ್ನೊಂದು ಪಕ್ಕದಿಂದ ನುಗ್ಗಿ ಗುಡ್ಡಗಳನ್ನು ಗೆದ್ದನು. ರಷ್ಯದ ಪಡೆ ಒಂದು ಗುಂಡನ್ನೂ ಹಾರಿಸದೆ ಕಾಳಗವನ್ನು ನೋಡುತ್ತ ನಿಂತಿತ್ತು. ಆಮೇಲೆ ಡೇರೆ ಕಿತ್ತು ಊರಿನ ದಾರಿ ಹಿಡಿಯಿತು. ಆರೇಳು ತಿಂಗಳೊಳಗೆ ಅದು ಶತ್ರುವಾಗಿ, ಮಿತ್ರನಾಗಿ, ಕೊನೆಗೆ ಪ್ರೇಕ್ಷಕನಾಗಿ ಮೂರು ವೇಷಗಳನ್ನು ಹಾಕಿತ್ತು.

ಕ್ಯಾಥರೀನಳು ಹಳೆಯ ಮೈತ್ರಿಗೆ ಮರಳುವಳೆಂದು ಮರಿಯಾ ತೆರೇಸಾ ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಆಕೆ ಮರಳಲಿಲ್ಲ. ಘೋಷಣೆಯ ಮಾತು ಏನೇ ಇರಲಿ, ಗಂಡನು ಮಾಡಿದ ಶಾಂತಿಯನ್ನು ಅವಳು ಮುರಿಯಲಿಲ್ಲ. ಅವನು ಮಾಡಿಕೊಂಡ ಸೈನಿಕ ಮೈತ್ರಿಯನ್ನು ಮಾತ್ರ ಕೈಬಿಟ್ಟಳು. ಬೊಕ್ಕಸ ಬರಿದಾಗಿತ್ತು, ಸೈನಿಕರಿಗೆ ಸಂಬಳ ಬಾಕಿಯಿತ್ತು, ತನ್ನ ಸಿಂಹಾಸನವೇ ಇನ್ನೂ ಅಲುಗಾಡುತ್ತಿತ್ತು. ಎರಡು ವರ್ಷ ಕಳೆದ ಮೇಲೆ, 1764ರ ಏಪ್ರಿಲ್‌ನಲ್ಲಿ, ಅವಳೇ ಪ್ರಷ್ಯದೊಡನೆ ಮೈತ್ರಿಗೆ ಸಹಿ ಹಾಕಿದಳು. ಈ ಸಲ ಅದರ ಹಿಂದೆ ಇದ್ದುದು ವ್ಯಕ್ತಿಪೂಜೆಯಲ್ಲ, ಪೋಲೆಂಡಿನಲ್ಲಿ ತನಗೆ ಬೇಕಾದವನನ್ನು ಅರಸನನ್ನಾಗಿ ಮಾಡುವ ಲೆಕ್ಕಾಚಾರ. ಪೀಟರನು ಪ್ರೀತಿಯಿಂದ ಮಾಡಿದುದನ್ನೇ ಕ್ಯಾಥರೀನಳು ಲಾಭಕ್ಕಾಗಿ ಮಾಡಿದಳು. ಅವಳ ಮೈತ್ರಿ ಬಾಳಿತು.

ಇನ್ನೊಂದು ಪಕ್ಷದಲ್ಲಿಯೂ ಇಂಥದೇ ಬದಲಾವಣೆ ನಡೆದಿತ್ತು. 1758ರಿಂದ ಇಂಗ್ಲೆಂಡ್ ಪ್ರಷ್ಯಕ್ಕೆ ವರ್ಷಕ್ಕೆ 6,70,000 ಪೌಂಡುಗಳ ಸಹಾಯಧನ ಕೊಡುತ್ತಿತ್ತು. 1760ರ ಅಕ್ಟೋಬರಿನಲ್ಲಿ ಎರಡನೆಯ ಜಾರ್ಜ್ ದೊರೆ ಸತ್ತು ಮೊಮ್ಮಗ ಪಟ್ಟಕ್ಕೆ ಬಂದನು. ಮರುವರ್ಷ ಯುದ್ಧಮಂತ್ರಿ ಪಿಟ್ ರಾಜೀನಾಮೆಯಿತ್ತನು. ಹೊಸ ದೊರೆಗೂ ಅವನ ಆಪ್ತಮಂತ್ರಿಗೂ ಜರ್ಮನಿಯ ಯುದ್ಧದಲ್ಲಿ ಆಸಕ್ತಿಯಿರಲಿಲ್ಲ. 1762ರಲ್ಲಿ ಸಹಾಯಧನ ನಿಂತಿತು. ಇಂಗ್ಲೆಂಡಿಗೆ ಬೇಕಾದ ಗೆಲುವುಗಳು ಆ ವೇಳೆಗೆ ಕಡಲಾಚೆ ದೊರೆತಿದ್ದವು. ಅದೇ ಯುದ್ಧದ ಒಂದು ಕೊಂಬೆ ನಮ್ಮ ದಕ್ಷಿಣ ಭಾರತಕ್ಕೂ ಚಾಚಿತ್ತೆಂಬುದನ್ನು ನೀವು ಚರಿತ್ರೆಯ ಪಾಠದಲ್ಲಿ ಓದಿರಬಹುದು. 1760ರಲ್ಲಿ ವಂದವಾಸಿಯಲ್ಲಿ ಫ್ರೆಂಚರು ಸೋತರು. ಅವರಿಗೆ ನೆರವಾಗಲು ಮೈಸೂರಿನಿಂದ ಹೈದರಾಲಿ ಒಂದು ಪಡೆಯನ್ನು ಕಳುಹಿಸಿದನು. ಆದರೂ 1761ರ ಜನವರಿಯಲ್ಲಿ ಪುದುಚೇರಿ ಇಂಗ್ಲಿಷರ ಕೈಸೇರಿತು. ಇಷ್ಟಾದ ಮೇಲೆ ಪ್ರಷ್ಯದ ದೊರೆಗೆ ಹಣ ಸುರಿಯುವುದೇಕೆಂದು ಲಂಡನ್ನಿನ ಹೊಸಬರು ಕೇಳಿದರು. ಫ್ರೆಡರಿಕನು ಈ ನಂಬಿಕೆದ್ರೋಹವನ್ನು ಸಾಯುವವರೆಗೂ ಮರೆಯಲಿಲ್ಲ. ರಷ್ಯ ಆಸ್ಟ್ರಿಯವನ್ನು ಕೈಬಿಟ್ಟಾಗ ಮಾತ್ರ ಅವನಿಗೆ ಅದು ದ್ರೋಹವೆಂದು ತೋರಿರಲಾರದು.

ಆಗ ರಾಜ್ಯವೆಂದರೆ ರಾಜನೇ ಆಗಿದ್ದನು. ಈಗ ಸಂವಿಧಾನ, ಸಂಸತ್ತು, ಶಾಶ್ವತ ಅಧಿಕಾರಿ ವರ್ಗಗಳಿರುವಾಗ ಹೀಗೆ ನಡೆಯುವುದೆ ಎಂದು ನೀವು ಕೇಳಬಹುದು. ನಮ್ಮ ದೇಶದ ನಿದರ್ಶನವನ್ನೇ ನೋಡೋಣ. 1971ರ ಆಗಸ್ಟ್ 9ರಂದು ಭಾರತವೂ ಸೋವಿಯತ್ ಒಕ್ಕೂಟವೂ ದೆಹಲಿಯಲ್ಲಿ ಶಾಂತಿ, ಸ್ನೇಹ ಮತ್ತು ಸಹಕಾರದ ಒಪ್ಪಂದಕ್ಕೆ ಸಹಿ ಮಾಡಿದವು. ಇದು ಸೈನಿಕ ಮೈತ್ರಿಯೆಂದು ಭಾರತ ಎಂದೂ ಒಪ್ಪಲಿಲ್ಲ. ಆದರೆ ಒಬ್ಬರ ಮೇಲೆ ದಾಳಿಯೊದಗಿದರೆ ಇಬ್ಬರೂ ಕೂಡಿ ಆಲೋಚಿಸಬೇಕೆಂಬ ವಿಧಿ ಅದರಲ್ಲಿತ್ತು. 1977ರ ಮಾರ್ಚ್ ತಿಂಗಳ ಚುನಾವಣೆಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಸೋತು, ಶ್ರೀ ಮೊರಾರ್ಜಿ ದೇಸಾಯಿಯವರು ಪ್ರಧಾನಿಯಾದರು. ನಿಜವಾದ ಅಲಿಪ್ತ ನೀತಿಯನ್ನು ಅನುಸರಿಸುವೆವೆಂದು ಹೊಸ ಸರ್ಕಾರ ಸಾರಿತು. ಮಾಸ್ಕೋ ತಳಮಳಗೊಂಡಿರಬೇಕು, ಒಂದೇ ತಿಂಗಳಲ್ಲಿ ವಿದೇಶಾಂಗ ಮಂತ್ರಿ ಗ್ರೊಮಿಕೊ ದೆಹಲಿಗೆ ಧಾವಿಸಿ ಬಂದರು. ಅದೇ ಅಕ್ಟೋಬರಿನಲ್ಲಿ ದೇಸಾಯಿಯವರು ಮಾಸ್ಕೋಗೆ ಹೋಗಿ ಬಂದರು. ಒಪ್ಪಂದ ಹಾಗೆಯೇ ಉಳಿಯಿತು. ಭಿಲಾಯಿ, ಬೊಕಾರೊಗಳ ಉಕ್ಕಿನ ಕಾರ್ಖಾನೆಗಳು, ಸೈನ್ಯಕ್ಕೆ ಬೇಕಾದ ವಿಮಾನಗಳು ಮತ್ತು ಬಿಡಿಭಾಗಗಳು, ಉತ್ತರದ ಗಡಿಯ ಚಿಂತೆ ಇವು ಚುನಾವಣೆಯಿಂದ ಬದಲಾಗುವಂಥವಲ್ಲ. 1991ರ ಆಗಸ್ಟ್‌ನಲ್ಲಿ ಒಪ್ಪಂದದ ಅವಧಿಯನ್ನು ವಿಸ್ತರಿಸಲಾಯಿತು. ಅದೇ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1993ರ ಜನವರಿಯಲ್ಲಿ ರಷ್ಯದ ಅಧ್ಯಕ್ಷ ಯೆಲ್ಟ್ಸಿನ್ ದೆಹಲಿಗೆ ಬಂದಾಗ ಹೊಸ ಒಪ್ಪಂದವಾಯಿತು. ಕೂಡಿ ಆಲೋಚಿಸುವ ಆ ಹಳೆಯ ವಿಧಿ ಮೊದಲಿನ ರೂಪದಲ್ಲಿ ಅದರಲ್ಲಿರಲಿಲ್ಲ. ನಾಯಕರು ಬದಲಾದಾಗ ಉಳಿದ ಸ್ನೇಹವು ದೇಶವೇ ಬದಲಾದಾಗ ಹೊಸ ಮಾತುಗಳಲ್ಲಿ ಬರೆಯಿಸಿಕೊಳ್ಳಬೇಕಾಯಿತು.

ಮತ್ತೆ 1762ಕ್ಕೆ ಬರೋಣ. ರಷ್ಯದ ನೆರವಿಲ್ಲದ ಆಸ್ಟ್ರಿಯಕ್ಕೆ ಸೈಲೀಷಿಯವನ್ನು ಮರಳಿ ಪಡೆಯುವ ಶಕ್ತಿಯಿರಲಿಲ್ಲ. ಅಕ್ಟೋಬರಿನಲ್ಲಿ ಷ್ವೈಡ್ನಿಟ್ಸ್ ಕೋಟೆ ಮತ್ತೆ ಪ್ರಷ್ಯದ ಪಾಲಾಯಿತು. ಸ್ಯಾಕ್ಸನಿಯ ಹುಬರ್ಟುಸ್‌ಬುರ್ಗ್ ಎಂಬ ಬೇಟೆಯರಮನೆಯಲ್ಲಿ ಸಂಧಾನ ನಡೆದು, 1763ರ ಫೆಬ್ರವರಿ 15ರಂದು ಒಪ್ಪಂದಕ್ಕೆ ಸಹಿ ಬಿದ್ದಿತು. ಎರಡು ವರ್ಷಗಳ ಹಿಂದೆ ಫ್ರೆಡರಿಕನ ಆಜ್ಞೆಯಂತೆ ಅವನ ಸೈನಿಕರು ಆ ಅರಮನೆಯನ್ನು ಕೊಳ್ಳೆ ಹೊಡೆದಿದ್ದರು. ಕೊಳ್ಳೆಗೆ ಹೋಗಲು ಒಪ್ಪದ ಒಬ್ಬ ಸೇನಾಧಿಕಾರಿ ದೊರೆಯ ಮುಖದೆದುರೇ ಇಲ್ಲವೆಂದಿದ್ದನು. ಒಪ್ಪಂದದ ಪ್ರಕಾರ ಗಡಿಗಳೆಲ್ಲ ಯುದ್ಧಕ್ಕೆ ಮುಂಚೆ ಇದ್ದಂತೆಯೇ ಉಳಿದವು. ಏಳು ವರ್ಷ ಹೋರಾಡಿದವರಲ್ಲಿ ಯಾರಿಗೂ ಯೂರೋಪಿನಲ್ಲಿ ಒಂದು ಅಂಗುಲ ಹೊಸ ನೆಲ ದೊರೆಯಲಿಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ ಫ್ರೆಡರಿಕನು ಬರ್ಲಿನ್ನಿಗೆ ಹಿಂದಿರುಗಿದನು. ನಗರದ ಜನ ಹೂಮಾಲೆ, ಪಂಜುಗಳನ್ನು ಹಿಡಿದು ಸ್ವಾಗತಕ್ಕೆ ಕಾದಿದ್ದರು. ಅವನು ಮೆರವಣಿಗೆಯನ್ನು ತಪ್ಪಿಸಿಕೊಂಡು, ಪಕ್ಕದ ಬೀದಿಗಳಿಂದ ಅರಮನೆಯನ್ನು ಸೇರಿದನು.